ಎಕ್ಸರೇ ಮೇಲಿನ ಕೆಂಪು ಮಚ್ಚೆ: ಎಐ ಕಂಡಿದ್ದೇನು, ಡಾಕ್ಟರು ಕಾಣುವುದೇನು?

ಯಲಬುರ್ಗಾ ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡವ್ವನ ಊರಿನ ಶಾಲೆಯ ಜಗಲಿಯ ಮೇಲೆ ಕ್ಷಯ ತಪಾಸಣೆಯ ಕ್ಯಾಂಪ್ ಹಾಕಿದ್ದರು. ಎಕ್ಸರೇ ಅಂದರೆ ಕತ್ತಲೆ ಕೋಣೆ, ಗೋಡೆಯಷ್ಟು ದೊಡ್ಡ ಯಂತ್ರ ಅಂದುಕೊಂಡೇ ಆಕೆ ಹೋಗಿದ್ದಳು. ಅಲ್ಲಿ ಇದ್ದದ್ದು ಫೋಟೋ ತೆಗೆಯುವವರ ಕ್ಯಾಮೆರಾದಂಥ, ಕೈಯಲ್ಲಿ ಎತ್ತಿ ಹಿಡಿಯುವ ಪೆಟ್ಟಿಗೆ. ಪ್ಲೇಟಿಗೆ ಎದೆ ಆನಿಸಿ ನಿಲ್ಲಿಸಿದರು, ‘ಉಸ್ರು ಜಗ್ಗಿ ಹಿಡ್ಕೋ ಯವ್ವಾ’ ಅಂದರು, ಟಿಕ್ ಅಂತು, ಮುಗಿಯಿತು. ಒಂದೆರಡು ನಿಮಿಷದಲ್ಲಿ ಲ್ಯಾಪ್‌ಟಾಪಿನ ಪರದೆ ಮೇಲೆ ಆಕೆಯ ಎದೆಗೂಡು ಮೂಡಿತು. ಬಲಗಡೆ ಮೇಲ್ಭಾಗದಲ್ಲಿ ಕೆಂಪು-ಹಳದಿ ಮಚ್ಚೆ, ಪಕ್ಕದಲ್ಲಿ ಒಂದು ಅಂಕಿ. ಕಫದ ಡಬ್ಬಿ ಕೈಗಿಟ್ಟು ಮುಂದಿನವರನ್ನು ಕರೆದರು.

ಮನೆಗೆ ಬಂದವಳೇ ಕೇಳಿದಳು: ‘ಡಾಕ್ಟ್ರು ನೋಡೇ ಇಲ್ಲ, ಅದಕ್ಕ ಹೆಂಗ ಗೊತ್ತಾತೋ ತಮ್ಮಾ?’

ಈ ಪ್ರಶ್ನೆ ಈಗ ಬಹಳ ಮನೆಗಳಲ್ಲಿದೆ. 2024ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಕ್ಷಯದ ವಿರುದ್ಧ ನೂರು ದಿನಗಳ ಅಭಿಯಾನ ಶುರು ಮಾಡಿದ ಮೇಲೆ ಕೈಯಲ್ಲಿ ಹಿಡಿಯುವ ಎಕ್ಸರೇ, ಅದರ ಜೊತೆಗೆ ಎಐ, ಅಂದರೆ ಕೃತಕ ಬುದ್ಧಿಮತ್ತೆಯ ತಂತ್ರಾಂಶ, ಹಳ್ಳಿಯ ಕ್ಯಾಂಪುಗಳವರೆಗೆ ಬಂದಿವೆ. ಊರಿನ ಸ್ಕ್ಯಾನಿಂಗ್ ಸೆಂಟರುಗಳ ಬೋರ್ಡಿನ ಮೇಲೂ ಎಐ ಎಂಬ ಎರಡಕ್ಷರ ಹತ್ತಿಕೊಳ್ಳುತ್ತಿದೆ. ದೊಡ್ಡವ್ವನ ಪ್ರಶ್ನೆಗೆ ಒಂದು ಸಾಲಿನ ಉತ್ತರ ಇಲ್ಲ. ಬುಡದಿಂದ ಹೋಗೋಣ.

ಫಿಲಂ ಅಂದರೆ ನೆರಳು

1895ರ ನವೆಂಬರ್ 8ರಂದು ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ ಕಂಡುಹಿಡಿದ ಕಿರಣಗಳೇ ಎಕ್ಸರೇ. ಅವು ಮೈಯೊಳಗಿಂದ ತೂರಿ ಹೋಗುತ್ತವೆ, ಆದರೆ ಎಲ್ಲ ಕಡೆ ಒಂದೇ ಸಮನೆ ಅಲ್ಲ. ಗಾಳಿ ಅವನ್ನು ಬಹುಪಾಲು ಬಿಟ್ಟುಬಿಡುತ್ತದೆ, ಮೂಳೆ ತಡೆಯುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಕಪ್ಪಾಗಿಯೂ ಪಕ್ಕೆಲುಬು ಬೆಳ್ಳಗೂ ಕಾಣುವುದು ಅದಕ್ಕೇ. ಗಾಳಿ ಇರಬೇಕಾದ ಜಾಗದಲ್ಲಿ ಕೀವು, ನೀರು, ಗಂಟು ಸೇರಿದರೆ ಕಪ್ಪಿನ ನಡುವೆ ಬಿಳಿ ಮೋಡ ಕಾಣುತ್ತದೆ. ದೊಡ್ಡವರಲ್ಲಿ ಕ್ಷಯ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗವನ್ನು ಹಿಡಿಯುತ್ತದೆ.

ಸಮಸ್ಯೆ ಏನೆಂದರೆ, ಇದು ಎಲ್ಲವೂ ಒಂದರ ಮೇಲೊಂದು ಬಿದ್ದ ನೆರಳು. ಮುಂದಿನ ಪಕ್ಕೆಲುಬು, ಹಿಂದಿನ ಪಕ್ಕೆಲುಬು, ಹೃದಯ, ರಕ್ತನಾಳ, ಚರ್ಮ ಎಲ್ಲ ಒಂದೇ ಹಾಳೆಯ ಮೇಲೆ. ಈ ನೆರಳುಗಳ ರಾಶಿಯಲ್ಲಿ ಯಾವುದು ಸಹಜ, ಯಾವುದು ರೋಗ ಎಂದು ಬಿಡಿಸಿ ಹೇಳುವುದೇ ರೇಡಿಯಾಲಜಿಸ್ಟರ ವಿದ್ಯೆ. ಎಂಬಿಬಿಎಸ್ ಆದಮೇಲೆ ಮೂರು ವರ್ಷದ ಎಂಡಿ, ಆಮೇಲೆ ಸಾವಿರಾರು ಫಿಲಂ ನೋಡಿ ನೋಡಿ ಪಳಗಿದ ಕಣ್ಣು. ಎಕ್ಸರೇ ತೆಗೆಯುವವರು ಬೇರೆ, ಅವರು ಟೆಕ್ನಿಷಿಯನ್. ಊರಲ್ಲಿ ಇಬ್ಬರಿಗೂ ‘ಎಕ್ಸರೇ ಡಾಕ್ಟ್ರು’ ಅನ್ನುವ ರೂಢಿ ಇದೆ, ಹಾಗಾಗಿ ಹೇಳಬೇಕಾಯಿತು.

ಗಂಗಾವತಿಯ ಮಿಲ್ಲಿನಿಂದ ಒಂದು ಹೋಲಿಕೆ

ಕಂಪ್ಯೂಟರಿಗೆ ಚಿತ್ರ ಎಂಬುದು ಚುಕ್ಕಿಗಳ ರಾಶಿ. ರಂಗೋಲಿಗೆ ಇಡುವ ಚುಕ್ಕಿಗಳ ಹಾಗೆ, ಆದರೆ ಸಾಲಿಗೆ ಸಾವಿರಾರು, ಅಂಥ ಸಾಲುಗಳೂ ಸಾವಿರಾರು. ಪ್ರತಿ ಚುಕ್ಕಿಗೂ ಎಷ್ಟು ಬೆಳಕು, ಎಷ್ಟು ಕಪ್ಪು ಎಂದು ಹೇಳುವ ಒಂದು ಸಂಖ್ಯೆ. ಪ್ರತಿ ಚುಕ್ಕಿಗೂ ಹನ್ನೆರಡು ಬಿಟ್ (ಸೊನ್ನೆ ಅಥವಾ ಒಂದು ಕೂರುವ ಮನೆ) ಇರುವ ಎಕ್ಸರೇಯಲ್ಲಿ ಕಪ್ಪಿನಿಂದ ಬಿಳಿಯವರೆಗೆ 4096 ಮೆಟ್ಟಿಲುಗಳಿರುತ್ತವೆ. ನಮ್ಮ ಕಣ್ಣು ಒಮ್ಮೆಗೆ ಬೇರೆ ಮಾಡಿ ಕಾಣುವುದು ಅದರಲ್ಲಿ ಸಣ್ಣ ಪಾಲನ್ನು ಮಾತ್ರ.

ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್ ಒಳಗೆ ಹೋದವರು ಸಾರ್ಟೆಕ್ಸ್ ಯಂತ್ರ ನೋಡಿರುತ್ತಾರೆ. ಅಕ್ಕಿ ಮೇಲಿಂದ ಜಾರಿ ಬೀಳುತ್ತಿರುವಾಗ ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ. ಕಪ್ಪು ಕಾಳು ಕಂಡರೆ ‘ಫುಸ್’ ಎಂದು ಗಾಳಿ ಊದಿ ಆಚೆ ತಳ್ಳುತ್ತದೆ. ಎಕ್ಸರೇ ನೋಡುವ ಎಐ ಇದರ ದೂರದ ತಮ್ಮ. ಆದರೆ ಒಂದು ದೊಡ್ಡ ವ್ಯತ್ಯಾಸ. ಅಕ್ಕಿಯಲ್ಲಿ ‘ಕಪ್ಪಗಿದ್ದರೆ ತೆಗೆ’ ಎಂದು ನಿಯಮ ಹೇಳಬಹುದು. ಕ್ಷಯದ ನೆರಳಿಗೆ ಅಂಥ ನಿಯಮ ಬರೆಯಲು ಆಗುವುದಿಲ್ಲ, ಅದು ನೂರು ವೇಷದಲ್ಲಿ ಬರುತ್ತದೆ. ಹಾಗಾಗಿ ನಿಯಮ ಹೇಳದೆ ಉದಾಹರಣೆ ತೋರಿಸುತ್ತಾರೆ: ಇದು ರೋಗ ಇರುವ ಫಿಲಂ, ಇದು ಇಲ್ಲದ್ದು, ಹೀಗೆ ಸಾವಿರ, ಲಕ್ಷ. ತಂತ್ರಾಂಶ ಒಂದು ಊಹೆ ಮಾಡುತ್ತದೆ, ತಪ್ಪಾದರೆ ತನ್ನೊಳಗಿನ ಲೆಕ್ಕವನ್ನು ಕೂದಲೆಳೆಯಷ್ಟು ಬದಲಿಸಿಕೊಳ್ಳುತ್ತದೆ, ಮತ್ತೆ ಊಹಿಸುತ್ತದೆ. ಮೊದಲು ಅಂಚು, ಗೆರೆ, ಆಮೇಲೆ ಆಕಾರ, ಕೊನೆಗೆ ಇಡೀ ಎದೆಗೂಡಿನ ಮಾದರಿ. ಕೊನೆಯಲ್ಲಿ ಅದರೊಳಗೆ ಕೂತಿರುವುದು ಕೋಟಿಗಟ್ಟಲೆ ಸಣ್ಣ ಸಂಖ್ಯೆಗಳು. ಯಾವ ಸಂಖ್ಯೆ ಏನು ನೋಡುತ್ತಿದೆ ಎಂದು ಅದನ್ನು ಕಟ್ಟಿದವರಿಗೂ ಪೂರ್ತಿ ಹೇಳಲಾಗದು.

ಹಾಗಾದರೆ ಕಲಿಸಿದವರು ಯಾರು, ಯಾವ ಫಿಲಂ ತೋರಿಸಿ ಕಲಿಸಿದರು ಎಂಬುದೇ ಮುಖ್ಯವಾಗುತ್ತದೆ. 2017ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ 1,12,120 ಎದೆ ಎಕ್ಸರೇಗಳನ್ನು ಜಗತ್ತಿಗೆ ಬಿಟ್ಟುಕೊಟ್ಟಿತು. ಎಷ್ಟೋ ಎಐಗಳು ಅದರ ಮೇಲೆ ಅಕ್ಷರಾಭ್ಯಾಸ ಮಾಡಿವೆ. ಅದರಲ್ಲಿ ಹದಿನಾಲ್ಕು ದೋಷಗಳ ಹೆಸರಿವೆ. ಕ್ಷಯ ಅದರಲ್ಲಿ ಇಲ್ಲ! ಅವರ ಆಸ್ಪತ್ರೆಯಲ್ಲಿ ಅದು ಅಪರೂಪ. ನಮ್ಮಲ್ಲಿ ಎದೆ ಫಿಲಂ ಕೈಗೆ ಬಂದ ಕೂಡಲೇ ಡಾಕ್ಟರ ಕಣ್ಣು ಮೊದಲು ಹುಡುಕುವುದೇ ಅದನ್ನು. ಆ ಹೆಸರುಗಳನ್ನು ಹಚ್ಚಿದ್ದೂ ಡಾಕ್ಟರಲ್ಲ, ಹಳೇ ರಿಪೋರ್ಟುಗಳ ಮಾತನ್ನು ಜಾಲಾಡಿದ ಇನ್ನೊಂದು ತಂತ್ರಾಂಶ. ಕೆಲವು ಹೆಸರು ಚಿತ್ರಕ್ಕೆ ಹೊಂದುವುದೇ ಇಲ್ಲ ಎಂದು ರೇಡಿಯಾಲಜಿಸ್ಟರು ಆಮೇಲೆ ತೋರಿಸಿದರು. ಕ್ಷಯಕ್ಕೆಂದೇ ಕಟ್ಟಿದ ತಂತ್ರಾಂಶಗಳು ಬೇರೆ ಇವೆ. ನೆದರ್‌ಲೆಂಡ್ಸಿನದು ಒಂದು, ಮುಂಬಯಿಯಲ್ಲಿ 2016ರಲ್ಲಿ ಶುರುವಾದ ಕಂಪನಿಯದು ಇನ್ನೊಂದು.

ಕೆಂಪು ಬಂತು ಅಂದರೆ ಕ್ಷಯ ಬಂತೇ?

ಮೊದಲು ಮಚ್ಚೆಯ ವಿಷಯ. ಆ ಬಣ್ಣ ಶ್ವಾಸಕೋಶದಲ್ಲಿ ಇಲ್ಲ. ‘ನನ್ನ ಲೆಕ್ಕ ಈ ಜಾಗದ ಮೇಲೆ ಹೆಚ್ಚು ಭಾರ ಹಾಕಿತು’ ಎಂದು ತಂತ್ರಾಂಶ ಮೇಲಿಂದ ಬಳಿದ ಬಣ್ಣ ಅದು. ಎಲ್ಲಿ ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಪಕ್ಕದ ಅಂಕಿ 78 ಎಂದಿದ್ದರೆ ಕ್ಷಯ ಇರುವ ಸಾಧ್ಯತೆ ನೂರಕ್ಕೆ 78 ಎಂದು ಅರ್ಥವಲ್ಲ. ಅದು ಆ ತಂತ್ರಾಂಶದ ಸ್ವಂತ ಅಳತೆ. ಒಂದು ಕಂಪನಿಯ 78, ಇನ್ನೊಂದರ 78 ಬೇರೆ ಬೇರೆ. ಅದೇ ಕಂಪನಿಯ ಹೊಸ ಆವೃತ್ತಿ ಬಂದರೂ ಬೇರೆ.

ಯಾವ ಅಂಕಿ ದಾಟಿದರೆ ‘ಸಂಶಯ’ ಎಂದು ಹೇಳಬೇಕು ಎಂಬುದನ್ನು ಮನುಷ್ಯರೇ ನಿಗದಿ ಮಾಡುತ್ತಾರೆ. ಮತ್ತೆ ಸಾರ್ಟೆಕ್ಸ್ ನೆನಪಿಸಿಕೊಳ್ಳಿ. ಬಿಗಿ ಮಾಡಿದರೆ ಒಂದು ಕಪ್ಪು ಕಾಳೂ ಉಳಿಯುವುದಿಲ್ಲ, ಆದರೆ ರಿಜೆಕ್ಟ್ ಚೀಲದಲ್ಲಿ ಒಳ್ಳೆಯ ಅಕ್ಕಿಯೂ ತುಂಬುತ್ತದೆ. ಸಡಿಲ ಬಿಟ್ಟರೆ ಅಕ್ಕಿ ಉಳಿಯುತ್ತದೆ, ಜೊತೆಗೆ ಕಪ್ಪು ಕಾಳೂ.

ಕ್ಷಯದ ಜರಡಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಕನಿಷ್ಠ ಗುರಿ: ರೋಗ ಇರುವ 100 ಜನರಲ್ಲಿ 90 ಮಂದಿಯನ್ನು ಹಿಡಿಯಬೇಕು, ರೋಗ ಇಲ್ಲದ 100ರಲ್ಲಿ 70 ಮಂದಿಯನ್ನು ‘ಇಲ್ಲ’ ಎಂದು ಸರಿಯಾಗಿ ಬಿಡಬೇಕು. ಕೇಳಲು ಚೆನ್ನಾಗಿದೆ. ಒಂದು ಕ್ಯಾಂಪಿಗೆ 1000 ಜನ ಬಂದರು, ಅವರಲ್ಲಿ 10 ಮಂದಿಗೆ ನಿಜಕ್ಕೂ ಕ್ಷಯ ಇದೆ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಹತ್ತರಲ್ಲಿ ಒಂಬತ್ತು ಮಂದಿ ಸಿಕ್ಕರು. ಉಳಿದ 990 ಮಂದಿಯಲ್ಲಿ ನೂರಕ್ಕೆ 30ರಂತೆ 297 ಜನರಿಗೂ ಕೆಂಪು ಬಂತು. ಒಟ್ಟು 306 ಕೆಂಪು, ಅದರಲ್ಲಿ ನಿಜವಾದ ಕ್ಷಯ ಒಂಬತ್ತೇ, ಅಂದರೆ ನೂರಕ್ಕೆ ಮೂರು.

ಯಂತ್ರ ಕೆಟ್ಟದ್ದು ಎಂದು ಇದರ ಅರ್ಥ ಅಲ್ಲ. ಸಾವಿರ ಜನರ ಕಫ ಪರೀಕ್ಷೆ ಮಾಡುವ ಬದಲು 306 ಜನರದ್ದು ಮಾಡಿದರೆ ಸಾಕಾಯಿತು. ಅದರ ಕೆಲಸ ಅಷ್ಟೇ. ಕ್ಷಯ ಹೌದೋ ಅಲ್ಲವೋ ಎಂದು ಹೇಳುವುದು ಕಫದಲ್ಲಿ ಕ್ಷಯದ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆ, ಅದರ ಮೇಲೆ ವೈದ್ಯರ ತೀರ್ಮಾನ. ಕ್ಯಾಂಪಿನಲ್ಲಿ ದೊಡ್ಡವ್ವನ ಕೈಗೆ ಡಬ್ಬಿ ಕೊಟ್ಟದ್ದು ಇದಕ್ಕೇ. ಆದರೆ ಪರದೆ ಮೇಲೆ ಕೆಂಪು ಕಂಡದ್ದು ಸಂಜೆಯೊಳಗೆ ಓಣಿ ತುಂಬ ‘ಆಕೀಗೆ ಟಿ.ಬಿ. ಐತಂತ’ ಎಂದಾಗಿಬಿಟ್ಟಿತ್ತು. ಈ ಲೆಕ್ಕವನ್ನು ಕ್ಯಾಂಪಿನ ಗೋಡೆಗೆ ಹಚ್ಚಿದ್ದರೆ ಎಷ್ಟೋ ಮನೆಯ ಅಳು ತಪ್ಪುತ್ತಿತ್ತು ಅನಿಸುತ್ತದೆ.

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕ್ಷಯ ತಪಾಸಣೆಗೆ ಮನುಷ್ಯರ ಬದಲು ಇಂಥ ತಂತ್ರಾಂಶ ಬಳಸಬಹುದೆಂದು ಶಿಫಾರಸು ಮಾಡಿದಾಗ ಅದನ್ನು 15 ವರ್ಷ ಮತ್ತು ಮೇಲ್ಪಟ್ಟವರಿಗೆ ಮಾತ್ರ ಹೇಳಿತ್ತು. ಮಕ್ಕಳ ಎದೆಯ ನೆರಳೇ ಬೇರೆ.

ಓದುವ ಕೋಣೆಯೊಳಗೆ

ಆಸ್ಪತ್ರೆಯ ರೇಡಿಯಾಲಜಿ ವಿಭಾಗದಲ್ಲಿ ಎಐ ಬೇರೆ ರೂಪದಲ್ಲಿ ಬರುತ್ತದೆ. ಅಲ್ಲಿ ಡಾಕ್ಟರು ಇದ್ದೇ ಇರುತ್ತಾರೆ, ಅಥವಾ ರಾತ್ರಿ ಹೊತ್ತು ಬಳ್ಳಾರಿಯಲ್ಲಿ ತೆಗೆದ ಸಿಟಿ ಸ್ಕ್ಯಾನ್ ಅನ್ನು ಬೆಂಗಳೂರಿನಲ್ಲೋ ಇನ್ನೆಲ್ಲೋ ಕೂತವರು ಓದುತ್ತಾರೆ. ಒಂದು ಎಕ್ಸರೇ ಎಂದರೆ ಒಂದು ಚಿತ್ರ. ಒಂದು ಸಿಟಿ ಎಂದರೆ ನೂರಾರು. ಪರದೆ ಮೇಲೆ ಸರದಿ ಬೆಳೆಯುತ್ತಲೇ ಇರುತ್ತದೆ.

ಈ ಸರದಿಯನ್ನು ಹಿಂದೆಮುಂದೆ ಮಾಡುವುದು ಎಐ ಚೆನ್ನಾಗಿ ಮಾಡುವ ಕೆಲಸಗಳಲ್ಲಿ ಒಂದು. ಹೆದ್ದಾರಿ 67ರಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರ ಸ್ಕ್ಯಾನ್ ಹನ್ನೆರಡನೆಯದಾಗಿ ಕಾದಿದೆ ಅಂದುಕೊಳ್ಳಿ. ಮೆದುಳಲ್ಲಿ ರಕ್ತ ಸೋರಿದ ಹಾಗೆ ಕಂಡರೆ ತಂತ್ರಾಂಶ ಅದನ್ನು ಸರದಿಯ ತಲೆಗೆ ತಂದಿಟ್ಟು ಘಂಟೆ ಬಾರಿಸುತ್ತದೆ. ಲಕ್ವಾ ಹೊಡೆದವರಿಗೆ ರಕ್ತದ ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವು. ಕೊಡುವ ಮೊದಲು ಮೆದುಳಲ್ಲಿ ರಕ್ತಸ್ರಾವ ಇಲ್ಲ ಎಂದು ಸಿಟಿ ನೋಡಿ ಖಾತ್ರಿ ಮಾಡಿಕೊಳ್ಳಲೇಬೇಕು. ಕುಷ್ಟಗಿಯ ಒಳಹಳ್ಳಿಯಿಂದ ಬರುವವರಿಗೆ ದಾರಿಯಲ್ಲೇ ಎರಡು ತಾಸು ಹೋಗಿರುತ್ತದೆ. ಉಳಿದದ್ದರಲ್ಲಿ ಇಪ್ಪತ್ತು ನಿಮಿಷ ಉಳಿದರೂ ದೊಡ್ಡದು.

ಬೇಸರದ ಕೆಲಸವನ್ನೂ ಅದು ಹೊತ್ತುಕೊಳ್ಳುತ್ತದೆ: ಗಂಟು ಅಳೆಯುವುದು, ಕಳೆದ ಸಲಕ್ಕಿಂತ ಎಷ್ಟು ಮಿಲಿಮೀಟರ್ ಬೆಳೆದಿದೆ ಎಂದು ಹೋಲಿಸುವುದು. ಎಂಆರ್‌ಐಯಲ್ಲಿ ಮಂಕು ಚಿತ್ರವನ್ನು ತಿಳಿಯಾಗಿಸಿ, ಆ ಕೊಳವೆಯೊಳಗೆ ಮಲಗುವ ಹೊತ್ತನ್ನು ಕಡಿಮೆ ಮಾಡುತ್ತದೆ. ಸ್ವೀಡನ್ನಿನಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಸ್ತನ ತಪಾಸಣೆಯಲ್ಲಿ ಇಬ್ಬರು ಡಾಕ್ಟರು ಓದುವ ಪದ್ಧತಿಯನ್ನೂ ಎಐ ನೆರವಿನ ಪದ್ಧತಿಯನ್ನೂ ಹೋಲಿಸಿದರು. 2023ರಲ್ಲಿ ಬಂದ ಫಲಿತಾಂಶ: ಎಐ ಕಡೆ ಸಾವಿರಕ್ಕೆ 6.1 ಕ್ಯಾನ್ಸರ್ ಪತ್ತೆ, ಇನ್ನೊಂದು ಕಡೆ 5.1, ಓದುವ ಕೆಲಸ ನೂರಕ್ಕೆ 44ರಷ್ಟು ಇಳಿಯಿತು.

ಇನ್ನು ಆಚೆ ಮಗ್ಗುಲು. ಎಐ ಬಳಸುವ ರೇಡಿಯಾಲಜಿಸ್ಟರ ದೊಡ್ಡ ದೂರು ಸುಳ್ಳು ಗಂಟೆ. ಎರಡು ಪಕ್ಕೆಲುಬು ಅಡ್ಡ ಹಾಯ್ದ ಜಾಗವನ್ನು, ಮೊಲೆತೊಟ್ಟಿನ ನೆರಳನ್ನು ಗಂಟು ಎಂದು ತೋರಿಸುತ್ತದೆ. ಪ್ರತಿಯೊಂದನ್ನೂ ನೋಡಿ ‘ಅಲ್ಲ’ ಎಂದು ತಳ್ಳಿಹಾಕಬೇಕು. ಕುರಿ ಕಾಯುವ ಹುಡುಗ ತೋಳ ಬಂತೆಂದು ದಿನಾ ಕೂಗಿದರೆ ಏನಾಗುತ್ತದೋ ಅದೇ ಆಗುವ ಭಯ. ತಂತ್ರಾಂಶ ಬೇರೆ ಪರದೆಯಲ್ಲಿದ್ದರೆ ಇನ್ನೂ ಕಷ್ಟ. ಉಳಿಯಬೇಕಾದ ಸಮಯವೇ ಕ್ಲಿಕ್ಕು ಒತ್ತುವುದರಲ್ಲಿ ಹೋಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ, ನನ್ನ ಲೆಕ್ಕದಲ್ಲಿ ಇಡೀ ವಿಷಯದ ತಿರುಳೂ ಅದೇ. 2023ರಲ್ಲಿ ಜರ್ಮನಿಯ ಸಂಶೋಧಕರು 27 ರೇಡಿಯಾಲಜಿಸ್ಟರಿಗೆ ಸ್ತನದ ಎಕ್ಸರೇಗಳನ್ನು ಕೊಟ್ಟು, ‘ಎಐ ಹೀಗೆ ಹೇಳಿದೆ’ ಎಂದು ಪಕ್ಕದಲ್ಲಿ ಬರೆದರು. ಕೆಲವು ಕಡೆ ಬೇಕೆಂದೇ ತಪ್ಪು ಬರೆದಿದ್ದರು. ಸರಿಯಾದ ಸಲಹೆ ಇದ್ದಾಗ ಹೊಸಬರು ನೂರಕ್ಕೆ ಸುಮಾರು 80 ಸರಿ ಹೇಳಿದರು. ತಪ್ಪು ಸಲಹೆ ಇದ್ದಾಗ ಸುಮಾರು 20ಕ್ಕೆ ಬಿದ್ದರು. ಹೊಸಬರು ಬಿಡಿ, ಬಹಳ ಅನುಭವಿಗಳೂ 82ರಿಂದ 45ಕ್ಕೆ ಇಳಿದರು. ಕಣ್ಣು ಕೆಟ್ಟಿರಲಿಲ್ಲ, ಓದು ಮರೆತಿರಲಿಲ್ಲ. ಪಕ್ಕದಲ್ಲಿ ಒಬ್ಬರು ಗಟ್ಟಿಯಾಗಿ ಹೇಳಿದಾಗ ನಮ್ಮ ಕಣ್ಣನ್ನು ನಾವೇ ನಂಬದಿರುವ ಗುಣ ಅದು.

ಅದಕ್ಕೇ ಕೆಲವು ಕಡೆ ಒಂದು ಕ್ರಮ ಇಟ್ಟುಕೊಂಡಿದ್ದಾರೆ: ಮೊದಲು ತಾವೇ ಫಿಲಂ ಓದಿ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳುವುದು, ಆಮೇಲೆ ಎಐ ಪರದೆ ತೆರೆಯುವುದು. ಹೊತ್ತು ಹೆಚ್ಚು ಹಿಡಿಯುತ್ತದೆ. ಎಐ ತಂದದ್ದೇ ಹೊತ್ತು ಉಳಿಸಲು. ಈ ಜಗ್ಗಾಟ ಎಲ್ಲೂ ಪೂರ್ತಿ ಬಗೆಹರಿದಿಲ್ಲ.

ಯಂತ್ರದ ಕಳ್ಳದಾರಿ

ಎಐಗೆ ಪರೀಕ್ಷೆ ಪಾಸಾಗುವುದೊಂದೇ ಗುರಿ; ವಿಷಯ ಅರ್ಥವಾಗಬೇಕೆಂದಿಲ್ಲ. 2018ರ ಒಂದು ಅಧ್ಯಯನದಲ್ಲಿ ನ್ಯುಮೋನಿಯಾ ಹುಡುಕಲು ಕಲಿಸಿದ ತಂತ್ರಾಂಶ, ಎಕ್ಸರೇ ಯಾವ ಆಸ್ಪತ್ರೆಯದು ಎಂದು ಗುರುತು ಹಿಡಿಯಲು ಕಲಿತುಬಿಟ್ಟಿತ್ತು. ಟೆಕ್ನಿಷಿಯನ್ ಮೂಲೆಯಲ್ಲಿಡುವ ಎಡ-ಬಲ ಸೂಚಿಸುವ ಲೋಹದ ಬಿಲ್ಲೆಯೂ ಅದಕ್ಕೆ ಸುಳಿವಾಗಿತ್ತು. ನ್ಯುಮೋನಿಯಾ ರೋಗಿಗಳು ಹೆಚ್ಚಿರುವ ಆಸ್ಪತ್ರೆಯ ಫಿಲಂ ಎಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಎದೆಯೊಳಗೆ ಗಾಳಿ ಸೋರಿದ್ದನ್ನು ಹುಡುಕಬೇಕಾದ ಇನ್ನೊಂದು, ಚಿಕಿತ್ಸೆಗೆಂದು ಆಗಲೇ ಹಾಕಿದ್ದ ನಳಿಗೆಯನ್ನು ನೋಡಿ ‘ಗಾಳಿ ಇದೆ’ ಅನ್ನುತ್ತಿತ್ತು. ಕೋವಿಡ್ ಕಾಲದಲ್ಲಂತೂ ಕೆಲವರು ರೋಗದ ಗುಂಪಿಗೆ ದೊಡ್ಡವರ ಫಿಲಂ, ಉಳಿದ ಗುಂಪಿಗೆ ಮಕ್ಕಳ ಫಿಲಂ ಹಾಕಿ ಕಲಿಸಿದ್ದರು. ತಂತ್ರಾಂಶ ವಯಸ್ಸು ಗುರುತಿಸಲು ಕಲಿಯಿತು. 2021ರಲ್ಲಿ ಅಂಥ 62 ಅಧ್ಯಯನಗಳನ್ನು ಕೂಲಂಕಷವಾಗಿ ನೋಡಿದವರು, ಒಂದೂ ರೋಗಿಗಳ ಮೇಲೆ ಬಳಸಲು ಯೋಗ್ಯವಲ್ಲ ಎಂದರು.

ಎಕ್ಸರೇ ತೆಗೆಯುವವರ ಕೈ

ಎಐ ಬಂದರೆ ಟೆಕ್ನಿಷಿಯನ್ ಕೆಲಸ ಹಗುರ ಎಂದು ಅಂದುಕೊಳ್ಳುವವರಿದ್ದಾರೆ. ಆದದ್ದು ತಿರುಗುಮುರುಗು. ರೋಗಿ ಸ್ವಲ್ಪ ವಾರೆ ನಿಂತರೆ, ಪೂರ್ತಿ ಉಸಿರು ಎಳೆಯದಿದ್ದರೆ ಡಾಕ್ಟರು ‘ಫಿಲಂ ಸರಿಯಿಲ್ಲ, ಇನ್ನೊಂದು ತೆಗಿ’ ಅನ್ನುತ್ತಿದ್ದರು. ತಂತ್ರಾಂಶ ಕೆಟ್ಟ ಫಿಲಂಗೂ ಅಂಕಿ ಕೊಟ್ಟುಬಿಡಬಹುದು.

ಜಡೆಯ ಕತೆಯನ್ನು ರೇಡಿಯಾಲಜಿ ಓದಿದವರೆಲ್ಲ ಬಲ್ಲರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ ಭುಜದ ಮೇಲಿಂದ ಎದೆಗೆ ಬಿದ್ದಿದ್ದರೆ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಮೋಡದ ಹಾಗೆ ಕಾಣುತ್ತದೆ, ಅಂದರೆ ಸರಿಯಾಗಿ ಕ್ಷಯ ಕಾಣಿಸುವ ಜಾಗದಲ್ಲೇ. ತಾಳಿ, ತಾಯತ, ಕುಪ್ಪಸದ ಹುಕ್ಕು ಕೂಡ ನೆರಳು ಬೀಳಿಸುತ್ತವೆ. ತಾಳಿ ಬಿಚ್ಚಿರಿ ಅಂದರೆ ಎಷ್ಟೋ ಹೆಣ್ಣುಮಕ್ಕಳು ಒಪ್ಪುವುದಿಲ್ಲ. ಅದನ್ನು ಹಿಂದಕ್ಕೆ ಸರಿಸಿ, ಜಡೆ ಎತ್ತಿ ಕಟ್ಟಿಸಿ, ಭುಜ ಮುಂದೆ ತಂದು ನಿಲ್ಲಿಸುವುದು ಕ್ಯಾಂಪಿನ ಗದ್ದಲದಲ್ಲಿ ಸಣ್ಣ ಕೆಲಸ ಅಲ್ಲ.

ದೂಳಿನ ಸೀಮೆಯ ಪ್ರಶ್ನೆ

ನಮ್ಮ ಕೊಪ್ಪಳ-ರಾಯಚೂರು ಸೀಮೆಗೆ ತನ್ನದೇ ಒಂದು ತೊಡಕಿದೆ. ಹಟ್ಟಿಯ ಚಿನ್ನದ ಗಣಿ, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿ, ಊರೂರಿನ ಜಲ್ಲಿ ಕ್ರಷರ್. ಕಲ್ಲು ಒಡೆದಾಗ ಏಳುವ ಸಣ್ಣ ಸಿಲಿಕಾ ದೂಳು ವರ್ಷಗಟ್ಟಲೆ ಒಳಹೋದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಅದೂ ಶ್ವಾಸಕೋಶದ ಮೇಲ್ಭಾಗದಲ್ಲೇ ಸಣ್ಣ ಸಣ್ಣ ಗಂಟು ಮೂಡಿಸುತ್ತದೆ, ಎಕ್ಸರೇಯಲ್ಲಿ ಕ್ಷಯಕ್ಕೆ ಹೋಲುತ್ತದೆ. ಸಾಲದ್ದಕ್ಕೆ ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬರುವ ಅಪಾಯವೂ ಹೆಚ್ಚು. ಎರಡೂ ಒಟ್ಟಿಗೆ ಇರಬಹುದು.

ಇವನ್ನು ಬೇರೆ ಮಾಡಲು ನೆರವಾಗುವ ಸುಳಿವು ಫಿಲಂನಲ್ಲಿಲ್ಲ, ಒಂದು ಪ್ರಶ್ನೆಯಲ್ಲಿದೆ: ‘ಏನ್ ಕೆಲಸ ಮಾಡ್ತಿ?’ ತಂತ್ರಾಂಶ ಅದನ್ನು ಕೇಳುವುದಿಲ್ಲ. ನಿಜ ಹೇಳಬೇಕೆಂದರೆ, ಚೀಟಿಯಲ್ಲಿ ‘ಕೆಮ್ಮು’ ಎಂದಷ್ಟೇ ಬರೆದು ಕಳಿಸಿದರೆ ದೂರದಲ್ಲಿ ಕೂತ ರೇಡಿಯಾಲಜಿಸ್ಟರಿಗೂ ಅದು ಗೊತ್ತಾಗುವುದಿಲ್ಲ. ಕ್ರಷರ್‌ನಲ್ಲಿ, ಗಣಿಯಲ್ಲಿ ಎಷ್ಟು ವರ್ಷ ದುಡಿದಿದ್ದೀರಿ ಎಂಬುದನ್ನು ಎಕ್ಸರೇ ಚೀಟಿಯ ಮೇಲೆ ಬರೆಸಿ. ಬೀಡಿ, ಸಕ್ಕರೆ ಕಾಯಿಲೆ, ಹಿಂದೆ ಕ್ಷಯಕ್ಕೆ ಗುಳಿಗೆ ತಿಂದದ್ದು, ಇವನ್ನೂ ಕೂಡ.

ಸಹಿ ಯಾರದು?

ಎಐ ಸಂಶೋಧನೆಯ ಹಿರಿಯ ಜೆಫ್ರಿ ಹಿಂಟನ್ 2016ರಲ್ಲಿ, ಇನ್ನು ರೇಡಿಯಾಲಜಿಸ್ಟರನ್ನು ತಯಾರು ಮಾಡುವುದನ್ನೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರವೇ ಮೇಲಾಗುತ್ತದೆ ಎಂದಿದ್ದರು. 2024ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ರೇಡಿಯಾಲಜಿಸ್ಟರು ಮಾತ್ರ ಎಲ್ಲೂ ಹೋಗಿಲ್ಲ. ರೋಗಿಗೆ ಕೊಡುವ ರಿಪೋರ್ಟಿನ ಕೆಳಗೆ ನೋಂದಾಯಿತ ವೈದ್ಯರ ಸಹಿ ಬೇಕು, ತಪ್ಪಾದರೆ ಉತ್ತರ ಹೇಳಬೇಕಾದವರೂ ಅವರೇ. ಹಾಗಾಗಿ ಕೈಗೆ ಬಂದ ಕಾಗದದಲ್ಲಿ ಬರೀ ಅಂಕಿ, ಬಣ್ಣ ಇದ್ದರೆ ‘ಡಾಕ್ಟ್ರು ಸಹಿ ಮಾಡಿದ ರಿಪೋರ್ಟ್ ಯಾವಾಗ ಸಿಗುತ್ತದೆ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಫಿಲಂ ಅನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ಹೊಡೆದು ಚಾಟ್‌ಬಾಟ್‌ಗೆ ಹಾಕುವ ಅಭ್ಯಾಸವೂ ಶುರುವಾಗಿದೆ. ಮೊದಲು ಹೇಳಿದ ಆ 4096 ಮೆಟ್ಟಿಲಲ್ಲಿ ಬಹುಪಾಲು ಆ ಫೋಟೋದಲ್ಲಿ ಅಳಿಸಿಹೋಗಿರುತ್ತವೆ, ಮೇಲೆ ಕಿಟಕಿಯ ಸರಳಿನ ನೆರಳು ಬೇರೆ. ಅದರ ಉತ್ತರ ಎಷ್ಟೇ ನಯವಾಗಿದ್ದರೂ ಅದು ನೋಡಿದ್ದು ನಿಮ್ಮ ಎಕ್ಸರೇಯನ್ನಲ್ಲ.

ದೊಡ್ಡವ್ವನ ಟ್ರಂಕು

ದೊಡ್ಡವ್ವನ ಕಫದಲ್ಲಿ ಕ್ಷಯ ಸಿಗಲಿಲ್ಲ. ಆದರೂ ಕೆಂಪು ಬಂದದ್ದೇಕೆ ಎಂದು ನೋಡಲು ಕೊಪ್ಪಳಕ್ಕೆ ಕಳಿಸಿದರು. ಅಲ್ಲಿ ಇನ್ನೊಂದು ಎಕ್ಸರೇ ತೆಗೆದ ಡಾಕ್ಟರು ಕೇಳಿದ್ದು ಒಂದೇ ಮಾತು: ‘ಹಳೇದು ಏನರ ಐತೇನು ಅಮ್ಮಾ?’

ಇತ್ತು. ಹನ್ನೆರಡು ವರ್ಷದ ಹಿಂದೆ ಆರು ತಿಂಗಳು ಗುಳಿಗೆ ತಿಂದಾಗ ತೆಗೆಸಿದ್ದ ಫಿಲಂ, ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ. ಮರುದಿನ ಒಯ್ದೆವು. ಡಾಕ್ಟರು ಎರಡನ್ನೂ ಬೆಳಕಿನ ಪೆಟ್ಟಿಗೆಗೆ ಅಕ್ಕಪಕ್ಕ ಸಿಕ್ಕಿಸಿದರು. ಬಲಗಡೆ ಮೇಲೆ, ಅದೇ ಜಾಗದಲ್ಲಿ, ಅದೇ ಆಕಾರದ ಗೆರೆಗೆರೆ ಬಿಳಿ. ಹಳೇ ಗಾಯ ಮಾಗಿ ಉಳಿದ ಕಲೆ, ಇಷ್ಟು ವರ್ಷದಲ್ಲಿ ಒಂದಿಷ್ಟೂ ಬೆಳೆದಿಲ್ಲ. ಕ್ಯಾಂಪಿನ ಲ್ಯಾಪ್‌ಟಾಪು ಕಂಡದ್ದು ಸುಳ್ಳಲ್ಲ, ಅಲ್ಲಿ ಬಿಳಿ ಇದ್ದೇ ಇತ್ತು. ಅದರ ವಯಸ್ಸು ಅದಕ್ಕೆ ಗೊತ್ತಿರಲಿಲ್ಲ, ಅಷ್ಟೇ.

ಹೊರಡುವಾಗ ಟೆಕ್ನಿಷಿಯನ್, ಈಗೆಲ್ಲ ಕಂಪ್ಯೂಟರಿನಲ್ಲೇ ಇರುತ್ತದೆ, ಫಿಲಂ ಬೇಕಿಲ್ಲ ಅಂದ. ದೊಡ್ಡವ್ವ ಕೌಂಟರ್ ಬಿಟ್ಟು ಕದಲಲಿಲ್ಲ. ‘ಅದು ನಿನ್ನ ಕಂಪ್ಯೂಟರಿನ್ಯಾಗ ಇರ್ಲಿ, ನನಗೊಂದು ನನ್ನ ಟ್ರಂಕಿನ್ಯಾಗ ಬೇಕು’ ಅಂದಳು. ಫಿಲಂ ಅಚ್ಚು ಹಾಕಿಸಿಕೊಂಡೇ ಬಂದಳು.